ತೊಟ್ಟಿಲಲ್ಲಿ ಮಲಗಿದ ಕಲ್ಲು

ಕಳೆದ ತಿಂಗಳು ನಮ್ಮ ಮನೆಯಲ್ಲಿ ಮೊಮ್ಮಗಳ ನಾಮಕರಣ ನಡೆಯಿತು. ತೊಟ್ಟಿಲನ್ನು ಒರೆಸಿ, ಅರಿಸಿನ ಕುಂಕುಮವಿಟ್ಟು, ಹೂವು ಮುಡಿಸಿ ಸಿಂಗರಿಸಿದ ಮೇಲೆ ನನ್ನ ಅಕ್ಕ ಅಡುಗೆಮನೆಗೆ ಹೋಗಿ ಒರಳಿನ ಗುಂಡುಕಲ್ಲನ್ನು ಎತ್ತಿಕೊಂಡು ಬಂದಳು. ತೊಳೆದ ಆ ಕಲ್ಲಿಗೆ ಮಗುವಿನ ಕುಂಚಿಗೆಯನ್ನು ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿ, ಮಗುವನ್ನೇ ತೂಗುವಂತೆ ಮೆಲ್ಲಗೆ ತೂಗಿದಳು. ಕಲ್ಲು ಎದ್ದ ಮೇಲೆಯೇ ನಮ್ಮ ಕೂಸಿಗೆ ತೊಟ್ಟಿಲೇರುವ ಭಾಗ್ಯ. ಬಾಣಂತಿಯಾದ ನನ್ನ ಮಗಳು ನಗುತ್ತ, "ಅತ್ತೆ, ಮಗುವಿಗಿಂತ ಮೊದಲು ಕಲ್ಲಿಗೇಕೆ ಈ ಉಪಚಾರ?" ಎಂದು ಕೇಳಿದಳು. "ನಮ್ಮಮ್ಮ ಮಾಡುತ್ತಿದ್ದಳು, ನಾನೂ ಮಾಡುತ್ತೇನೆ ಕಣೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ ಅಂತ," ಎಂದಳು ಅಕ್ಕ. ಅವಳ ಮಾತಿನಲ್ಲಿ 'ಉಳಿಯಲಿ' ಎಂಬ ಶಬ್ದ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಬೆಳೆಯಲಿ ಎನ್ನಲಿಲ್ಲ, ಬಾಳಲಿ ಎನ್ನಲಿಲ್ಲ, ಉಳಿಯಲಿ ಎಂದಳು. ಈ ಹೊತ್ತು ನಾನು ನಿಮ್ಮೊಡನೆ ಆಡಬೇಕೆಂದಿರುವುದು ಆ ಒಂದು ಶಬ್ದದ ಚರಿತ್ರೆಯನ್ನು.

ಮಕ್ಕಳ ಹುಟ್ಟನ್ನು ಕುರಿತು ನಮ್ಮ ಕಾವ್ಯಗಳು ಮೌನವಾಗಿಲ್ಲ. ಕ್ರಿ. ಶ. ೯೪೧ರಲ್ಲಿ ಪಂಪ ರಚಿಸಿದ 'ಆದಿಪುರಾಣ'ದಲ್ಲಿ ಆದಿತೀರ್ಥಂಕರನ ಜನ್ಮಾಭಿಷೇಕದ ವೈಭವವಿದೆ. ದೇವೇಂದ್ರನೇ ಬಂದು ಶಿಶುವನ್ನು ಮೇರುಪರ್ವತಕ್ಕೆ ಕೊಂಡೊಯ್ಯುತ್ತಾನೆ. ಹರಿದಾಸರು ಬಾಲಕೃಷ್ಣನನ್ನು ತೂಗಿ ಹಾಡಿದರು. ಆದರೆ ಒಕ್ಕಲಿಗನ ಮನೆಯ, ಕಂಬಾರನ ಮನೆಯ, ಬಡ ಶಾನುಭೋಗನ ಮನೆಯ ಕೂಸು ಹುಟ್ಟಿದ ದಿನ ಏನಾಯಿತೆಂದು ಯಾವ ಶಾಸನವೂ ಹೇಳದು. ದಾನದತ್ತಿಗಳನ್ನು ಕಲ್ಲಿನಲ್ಲಿ ಕೊರೆಸಿದವರು ತಮ್ಮ ಮಕ್ಕಳ ಜ್ವರವನ್ನು ಕೊರೆಸಲಿಲ್ಲ. ಆದುದರಿಂದ ಸಾಮಾನ್ಯರ ಮನೆಯ ಶೈಶವದ ಚರಿತ್ರೆಯನ್ನು ಅರಿಯಬೇಕಾದರೆ ನಾವು ಬೇರೆಯ ಶಾಸನಗಳನ್ನು ಓದಬೇಕು. ಹೆಸರುಗಳು, ಆಚಾರಗಳು, ತೊಟ್ಟಿಲುಗಳು, ಅಜ್ಜಿಯರ ಮಾತುಗಳು, ಇವೇ ಆ ಶಾಸನಗಳು.

ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. ತಿಪ್ಪಯ್ಯ, ತಿಪ್ಪಮ್ಮ, ಗುಂಡಪ್ಪ, ಕಲ್ಲಪ್ಪ, ಕಲ್ಲವ್ವ ಎಂಬ ಹೆಸರುಗಳನ್ನು ಕೇಳದ ಕನ್ನಡಿಗರಿಲ್ಲ. ಇವುಗಳಲ್ಲಿ ಕೆಲವು ಮನೆದೇವರ ಹೆಸರಿನಿಂದ ಬಂದಿರಬಹುದು. ಆದರೆ ಎಷ್ಟೋ ಮನೆಗಳಲ್ಲಿ ಹಿಂದಿನ ಮಕ್ಕಳು ತೀರಿಕೊಂಡಾಗ, ಹೊಸದಾಗಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಬೇರೆ ಯಾರೋ ಎಸೆದುಹೋದ ಮಗುವೆಂಬಂತೆ ಎತ್ತಿಕೊಂಡು ಬಂದು, 'ತಿಪ್ಪ'ನೆಂದು ಕರೆಯುವ ವಾಡಿಕೆಯಿತ್ತು. ಬೆಲೆಯಿಲ್ಲದ ವಸ್ತುವಿನ ಮೇಲೆ ಮೃತ್ಯುವಿನ ಕಣ್ಣು ಬೀಳದೆಂಬುದು ಆ ತಾಯಂದಿರ ಲೆಕ್ಕಾಚಾರ. ಮೃತ್ಯುವನ್ನು ಎದುರಿಸಲು ಬೇರೆ ಆಯುಧವಿಲ್ಲದವರು ಅದಕ್ಕೆ ಮೋಸಮಾಡಲು ಯತ್ನಿಸಿದರು. ಹೆಸರಿನಲ್ಲಿ ನಾವು ಇಂದು ಕಾಣುವ ಒರಟುತನ ನಿಜವಾಗಿ ಭಯದಿಂದ ಮುಚ್ಚಿದ ಮಮತೆ.

ಎರಡನೆಯದು ಆಚಾರ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಗು ಹುಟ್ಟಿದ ಐದನೆಯ ಇಲ್ಲವೆ ಆರನೆಯ ರಾತ್ರಿ ಶೆಟವಿಯ ಪೂಜೆಯುಂಟು. ಸಂಸ್ಕೃತದಲ್ಲಿ ಇವಳೇ ಷಷ್ಠೀದೇವಿ. ಆ ರಾತ್ರಿ ಅವಳು ಬಂದು ಕೂಸಿನ ಹಣೆಯ ಮೇಲೆ ಬರೆಯುತ್ತಾಳೆಂದು ನಂಬಿಕೆ. ದೀಪ ಆರದಂತೆ, ಬಾಣಂತಿಯ ಕೋಣೆಯಲ್ಲಿ ಯಾರಾದರೊಬ್ಬರು ಎಚ್ಚರವಾಗಿರುವಂತೆ ನೋಡಿಕೊಳ್ಳುತ್ತಿದ್ದರು. ಏಕೆ ಆರನೆಯ ರಾತ್ರಿಯೇ? ವೈದ್ಯರು ಹೇಳುವ ಒಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಶುದ್ಧವಲ್ಲದ ಕತ್ತಿ ಕುಡುಗೋಲುಗಳಿಂದ ಹೊಕ್ಕುಳಬಳ್ಳಿಯನ್ನು ಕತ್ತರಿಸಿದಾಗ ತಗಲುವ ಧನುರ್ವಾಯು ಸಾಮಾನ್ಯವಾಗಿ ಮಗುವಿನ ಮೊದಲ ಒಂದೆರಡು ವಾರದೊಳಗೆ, ಅದರಲ್ಲಿಯೂ ಆರೇಳನೆಯ ದಿನದ ಸುಮಾರಿಗೆ, ಕಾಣಿಸಿಕೊಳ್ಳುತ್ತದೆ. ಚೆನ್ನಾಗಿ ಮೊಲೆಯುಣ್ಣುತ್ತಿದ್ದ ಕೂಸು ಬಾಯಿ ಬಿಗಿದು, ಮೈ ಸೆಟೆದು, ಕಣ್ಣೆದುರೇ ಹೋಗಿಬಿಡುತ್ತಿತ್ತು. ರೋಗಾಣುವನ್ನು ಅರಿಯದ ಹಳ್ಳಿಯ ಹೆಂಗಸರು ದಿನವನ್ನು ಮಾತ್ರ ಸರಿಯಾಗಿ ಎಣಿಸಿದ್ದರೆಂದು ನನಗೆ ತೋರುತ್ತದೆ. ಅವರ ಪೂಜೆಯನ್ನು ನಾವು ಮೂಢನಂಬಿಕೆಯೆನ್ನಬಹುದು. ಅವರ ಅವಲೋಕನವನ್ನು ಹಾಗೆನ್ನಲಾಗದು. ತಾಯಂದಿರಿಗೆ ಲಸಿಕೆ ಹಾಕಿ, ಹೆರಿಗೆಯನ್ನು ಆಸ್ಪತ್ರೆಗೆ ತಂದ ಮೇಲೆ ಈ ವ್ಯಾಧಿ ಹಿಮ್ಮೆಟ್ಟಿತು. ಬಾಣಂತಿ ಮತ್ತು ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು ೨೦೧೫ರಲ್ಲಿ, ಮೊನ್ನೆ ಮೊನ್ನೆ.

ಹೀಗೆ ನೋಡಿದರೆ ನಮ್ಮ ಶಿಶುಸಂಭ್ರಮಗಳೆಲ್ಲವೂ ಹೊಳೆಯಲ್ಲಿ ಹೆಜ್ಜೆಯಿಡಲು ಹಾಕಿದ ಕಲ್ಲುಗಳಂತೆ ಕಾಣುತ್ತವೆ. ಆರನೆಯ ದಿನ ಒಂದು ಕಲ್ಲು, ಹನ್ನೊಂದು ಹನ್ನೆರಡನೆಯ ದಿನ ನಾಮಕರಣವೆಂಬ ಇನ್ನೊಂದು, ಆರನೆಯ ತಿಂಗಳಲ್ಲಿ ಅನ್ನಪ್ರಾಶನ, ಮೂರನೆಯ ವರ್ಷದಲ್ಲಿ ಚೌಲ, ಆಮೇಲೆ ಅಕ್ಷರಾಭ್ಯಾಸ. ಒಂದೊಂದನ್ನು ದಾಟಿದಾಗಲೂ ಮನೆಯವರು ನಿಟ್ಟುಸಿರುಬಿಟ್ಟು ಸಿಹಿ ಹಂಚಿದರು.

ನಾಮಕರಣದ ಸಡಗರವನ್ನೇ ನೋಡಿ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರನ್ನು ಹೇಳಬೇಕು. ಹೇಳುತ್ತಿದ್ದಂತೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಹುಸಿಗುದ್ದು ಕೊಟ್ಟು ನಗಬೇಕು. ಬಂದವರಿಗೆಲ್ಲ ಗುಗ್ಗರಿ ಹಂಚಬೇಕು. ಧಾರವಾಡದ ಕಡೆ ಇದಕ್ಕೆ ತವರಿನಿಂದ ತೊಟ್ಟಿಲು ಬರಬೇಕು, ಅದೂ ಕಲಘಟಗಿಯ ತೊಟ್ಟಿಲಾದರೆ ಕೇಳುವುದೇ ಬೇಡ. ಸಾಗುವಾನಿಯ ಮರಕ್ಕೆ ಅರಗಿನ ಬಣ್ಣವೇರಿಸಿ, ರಾಮಾಯಣದ ಮತ್ತು ಕೃಷ್ಣಲೀಲೆಯ ಚಿತ್ರಗಳನ್ನು ಬರೆದ ಆ ತೊಟ್ಟಿಲು ಒಂದು ತಲೆಮಾರಿಗೆ ಮುಗಿಯುವಂಥದಲ್ಲ. ತಾಯಿ ಮಲಗಿದ ತೊಟ್ಟಿಲಲ್ಲಿ ಮಗಳು, ಮಗಳ ಮಗಳು ಮಲಗುತ್ತಾರೆ. ಮರ ಉಳಿಯುತ್ತದೆ, ಅದರೊಳಗೆ ಮಲಗಿದವರೆಲ್ಲರೂ ಉಳಿಯುತ್ತಿರಲಿಲ್ಲ.

ಸಿಡುಬಿನ ಮಾತನ್ನು ಆಡದೆ ಈ ಕಥೆ ಪೂರ್ಣವಾಗದು. ಆ ರೋಗದ ಹೆಸರೆತ್ತಲು ಹೆದರಿದ ನಮ್ಮ ಜನ ಅದನ್ನು 'ಅಮ್ಮ' ಎಂದು ಕರೆದರು, ಬೇವಿನ ಸೊಪ್ಪು ಕಟ್ಟಿ ಬೇಡಿಕೊಂಡರು. ೧೮೦೨ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಗೋಸಿಡುಬಿನ ಲಸಿಕೆಯನ್ನು ಹಾಕಲಾಯಿತು. ಭಾರತದಲ್ಲಿ ಅದು ಮೊದಲನೆಯದು. ಆಗ ಔಷಧವನ್ನು ತಂಪಿನಲ್ಲಿಟ್ಟು ಸಾಗಿಸುವ ಉಪಾಯವಿರಲಿಲ್ಲ. ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ಹೀಗೆ ದಾಟಿಸುತ್ತ ಅದನ್ನು ಊರಿಂದೂರಿಗೆ ಒಯ್ಯಬೇಕಾಗಿತ್ತು. ಈ ದೇಶದ ಮಕ್ಕಳೇ ಈ ದೇಶದ ಮಕ್ಕಳನ್ನು ಉಳಿಸಿದರೆಂದರೆ ಅದು ಅಲಂಕಾರದ ಮಾತಲ್ಲ. ಮೈಸೂರಿನ ಅರಮನೆಗೂ ಈ ಕಥೆಯಲ್ಲಿ ಪಾತ್ರವಿದೆ. ೧೮೦೫ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನಲ್ಲಿ ಬರೆದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಇವರು ರಾಜಮನೆತನದ ಸ್ತ್ರೀಯರೆಂದೂ, ಒಬ್ಬಳು ಸೆರಗು ಸರಿಸಿ ತೋಳಿನೆಡೆಗೆ ಬೆರಳು ಮಾಡಿರುವುದು ಲಸಿಕೆ ಹಾಕಿಸಿಕೊಂಡುದರ ಸೂಚನೆಯೆಂದೂ ಇತಿಹಾಸಕಾರರು ಅರ್ಥೈಸಿದ್ದಾರೆ. ಆ ಅರ್ಥ ಸರಿಯಾದರೆ, ಅಂತಃಪುರದ ಒಂದು ತೋಳು ಸಾವಿರ ಡಂಗುರಗಳ ಕೆಲಸ ಮಾಡಿರಬೇಕು. ಆದರೂ ಸಿಡುಬು ನಮ್ಮ ನೆಲವನ್ನು ಬಿಡಲು ನೂರೆಪ್ಪತ್ತು ವರ್ಷ ಹಿಡಿಯಿತು. ಭಾರತದ ಕೊನೆಯ ಪ್ರಕರಣ ಕಂಡುಬಂದದ್ದು ೧೯೭೫ರ ಮೇ ತಿಂಗಳಲ್ಲಿ. ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಿದ್ದು ೧೯೮೦ರಲ್ಲಿ.

ಉಳಿದ ಮಕ್ಕಳೆಲ್ಲರ ಬಾಳೂ ಒಂದೇ ಆಗಿತ್ತೆಂದು ಭಾವಿಸಬಾರದು. ಆಶ್ವಲಾಯನ ಗೃಹ್ಯಸೂತ್ರ ಗಂಡುಮಗುವಿನ ಸಂಸ್ಕಾರಗಳಿಗೆ ಮಂತ್ರಗಳನ್ನು ವಿಧಿಸಿ, ಹೆಣ್ಣುಮಗುವಿಗೆ ಮಂತ್ರವಿಲ್ಲದ ಕ್ರಿಯೆ ಸಾಕೆನ್ನುತ್ತದೆ. ಇದಕ್ಕೆ ಎದುರಾಗಿ ನಮ್ಮಲ್ಲಿಯೇ ಬೇರೆಯ ದನಿಗಳೂ ಇದ್ದವು. ಆದಿಪುರಾಣದ ಕಥೆಯಲ್ಲಿ ಋಷಭದೇವ ಅಕ್ಷರವನ್ನು ಕಲಿಸುವುದು ಮಗಳು ಬ್ರಾಹ್ಮಿಗೆ, ಅಂಕಿಯನ್ನು ಕಲಿಸುವುದು ಮಗಳು ಸೌಂದರಿಗೆ. ನಮ್ಮ ಮಕ್ಕಳು ಮರಳಿನ ಮೇಲೆ ತಿದ್ದುತ್ತಿದ್ದ 'ಓನಾಮ'ದ ಮೂಲ 'ಓಂ ನಮಃ ಸಿದ್ಧಂ' ಎಂಬುದರಲ್ಲಿದೆಯೆಂದು ವಿದ್ವಾಂಸರು ಹೇಳುವುದನ್ನೂ ಇಲ್ಲಿ ನೆನೆಯಬಹುದು. ವೀರಶೈವರ ಮನೆಗಳಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲದೆ ಕೂಸಿಗೆ ಲಿಂಗಧಾರಣೆ ಮಾಡಿದರು. ಆದರೂ ರೂಢಿ ಬಲವಾಗಿತ್ತು. ನಮ್ಮ ಹಳ್ಳಿಗಳಲ್ಲಿ ಮೂರನೆಯದೋ ನಾಲ್ಕನೆಯದೋ ಹೆಣ್ಣಾದರೆ 'ಸಾಕಮ್ಮ'ನೆಂದು ಕರೆದುದುಂಟು. ಸಾಕು ಎಂಬ ಧಾತುವಿಗೆ ಪೋಷಿಸು ಎಂಬ ಅರ್ಥವೂ ಇದೆಯೆಂದು ವ್ಯಾಕರಣದ ಮೇಷ್ಟ್ರಾದ ನಾನು ಸಮಾಧಾನ ಹೇಳಬಲ್ಲೆ. ಹೆಸರು ಹೊತ್ತವಳು ಆ ಅರ್ಥವನ್ನೇ ನಂಬಿದ್ದಳೇ ಎಂಬುದು ಬೇರೆ ಮಾತು.

ಇನ್ನು ಆ ಕಾಲದ ಹೆಣ್ಣುಮಗುವಿನ ಪಾಲಿಗೆ ಬಾಲ್ಯದ ಅತಿ ದೊಡ್ಡ ಹಬ್ಬ ಯಾವುದು? ಮದುವೆ. ೧೮೯೪ರಲ್ಲಿ ಮೈಸೂರು ಸಂಸ್ಥಾನ ಶಿಶುವಿವಾಹವನ್ನು ತಡೆಯಲು ಕಾಯಿದೆ ಮಾಡಿದಾಗ, ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಕೂಡದೆಂದು ವಿಧಿಸಿತು. ಎಂಟು ವರ್ಷ! ಕಾಯಿದೆ ಅಷ್ಟನ್ನು ಹೇಳಬೇಕಾಗಿ ಬಂದಿತೆಂದರೆ ಅದಕ್ಕಿಂತ ಎಳೆಯ ಮದುವಣಗಿತ್ತಿಯರು ಎಷ್ಟಿದ್ದರೆಂಬುದನ್ನು ನಾವೇ ಊಹಿಸಬೇಕು. ೧೯೨೯ರ ಶಾರದಾ ಕಾಯಿದೆ ಹುಡುಗಿಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿತು. ಎಲ್ಲ ಸಂಭ್ರಮವೂ ಮಗುವಿನ ಸಂಭ್ರಮವಲ್ಲವೆಂಬುದನ್ನು ಈ ಎರಡು ಇಸವಿಗಳು ನಮಗೆ ನೆನಪಿಸುತ್ತವೆ.

ಹುಟ್ಟುಹಬ್ಬದ ಕಥೆ ಇನ್ನೂ ಸ್ವಾರಸ್ಯದ್ದು. ನಮ್ಮ ಹಿರಿಯರಿಗೆ ಗೊತ್ತಿದ್ದುದು ತಿಥಿ ನಕ್ಷತ್ರ. ಅಂದು ಎಣ್ಣೆನೀರು, ಆರತಿ, ಒಂದಿಷ್ಟು ಪಾಯಸ. ತಾರೀಖು ಬಂದದ್ದು ಶಾಲೆಯ ದಾಖಲೆಯ ಬೆನ್ನು ಹತ್ತಿ. ನನ್ನ ತಾಯಿ ಹೇಳಿದ್ದು "ಶ್ರಾವಣದ ಮಳೆ ಹಿಡಿದಿತ್ತು, ಹಸು ಕರುಹಾಕಿತ್ತು" ಎಂದು. ಹೆಡ್ಮಾಸ್ತರರು ಬರೆದುಕೊಂಡದ್ದು ಜೂನ್ ಒಂದನೆಯ ತಾರೀಖು. ನನ್ನ ತರಗತಿಯಲ್ಲಿ ಅರ್ಧದಷ್ಟು ಹುಡುಗರು ಅದೇ ದಿನ ಹುಟ್ಟಿದವರು! ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆಯಾದದ್ದು ೧೯೬೯ರಲ್ಲಿ. ಹುಟ್ಟಿದ ದಿನವನ್ನು ಬರೆದಿಡಬೇಕೆಂದರೆ ಮಗು ಉಳಿಯುವುದೆಂಬ ಭರವಸೆ ಮೊದಲು ಬೇಕು. ೧೯೭೧ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ೧೨೯ ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ೨೦೨೦ರ ಹೊತ್ತಿಗೆ ಅದು ೨೮ಕ್ಕೆ ಇಳಿಯಿತು. ಇಂದಿನ ಹುಟ್ಟುಹಬ್ಬದ ಕೇಕು, ಮೇಣದಬತ್ತಿ, ಬಣ್ಣದ ಬಲೂನುಗಳನ್ನು ಕಂಡು ಹಿರಿಯರಾದ ನಾವು ಮೂಗು ಮುರಿಯುವುದುಂಟು. ದೀಪ ಹಚ್ಚುವ ನಾಡಿನಲ್ಲಿ ದೀಪ ಆರಿಸುವುದೇ ಎಂದು ನಾನೂ ಗೊಣಗಿದವನೇ. ಆದರೆ ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಿದಂದಿನಿಂದ ಗೊಣಗುವುದನ್ನು ಬಿಟ್ಟಿದ್ದೇನೆ. ಮಗುವಿನ ವರ್ಷಗಳನ್ನು ಹೆದರಿಕೆಯಿಲ್ಲದೆ, ಕಣ್ಣು ತಾಗೀತೆಂಬ ಅಂಜಿಕೆಯಿಲ್ಲದೆ, ನಾಲ್ಕು ಜನರ ಮುಂದೆ ಎಣಿಸಬಲ್ಲ ತಂದೆತಾಯಿಗಳು ಈ ನಾಡಿನಲ್ಲಿ ಹೊಸಬರು. ಹಾಗೆಂದು ೨೮ ಎಂಬುದು ಸೊನ್ನೆಯಲ್ಲ. ಆ ಇಪ್ಪತ್ತೆಂಟು ಮನೆಗಳ ತೊಟ್ಟಿಲುಗಳನ್ನು ಮರೆಯುವ ಹಕ್ಕು ನಮಗಿಲ್ಲ.

ನನ್ನ ತಾಯಿ ಎಂಟು ಮಕ್ಕಳನ್ನು ಹೆತ್ತಳು. ನಾವು ಐವರು ಉಳಿದೆವು. ಊರಿನವರ ದೃಷ್ಟಿಯಲ್ಲಿ ಅವಳು ಪುಣ್ಯವಂತೆ. ಮನೆಯಲ್ಲಿ ಯಾರ ನಾಮಕರಣವಾಗಲಿ, ಗುಗ್ಗರಿ ಹಂಚುವಾಗ ಅವಳು ಮೂರು ಹಿಡಿಯನ್ನು ಮುತ್ತುಗದ ಎಲೆಯ ಮೇಲೆ ಬೇರೆಯಾಗಿ ತೆಗೆದಿಡುತ್ತಿದ್ದಳು. ಆಮೇಲೆ ಬೀದಿಯಲ್ಲಿ ಆಡುವ ಯಾವುದಾದರೂ ಮೂರು ಮಕ್ಕಳನ್ನು ಕರೆದು ಅದನ್ನು ಕೊಡುತ್ತಿದ್ದಳು. ಏಕೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಮೂರು ಹೆಸರುಗಳು ನನಗೆ ಗೊತ್ತಾದದ್ದು ಅವಳು ತೀರಿಕೊಂಡ ಮೇಲೆ, ಅಕ್ಕನ ಬಾಯಿಂದ.

ಮೊನ್ನೆ ನಾಮಕರಣದ ದಿನ ಮಗಳಿಗೆ ಇಷ್ಟನ್ನೂ ಹೇಳಲು ಸಮಯವಿರಲಿಲ್ಲ. ತೊಟ್ಟಿಲ ತಲೆಯ ಬಳಿ ಆಸ್ಪತ್ರೆಯವರು ಕೊಟ್ಟ ಲಸಿಕೆಯ ಪುಸ್ತಕವಿತ್ತು. ಅದರ ಪಕ್ಕದಲ್ಲಿ ಕುಂಚಿಗೆ ಕಳಚಿದ ಗುಂಡುಕಲ್ಲಿತ್ತು. ಕೂಸನ್ನು ಕಾಯುವುದು ಯಾವುದೆಂದು ನನಗೆ ಸಂದೇಹವಿಲ್ಲ. ಆದರೂ ಕಲ್ಲನ್ನು ಒಳಗೆ ಒಯ್ಯಲು ಬಂದ ಮಗಳಿಗೆ ನಾನು, "ಇರಲಿ ಮಗಳೆ, ಸಂಜೆಯವರೆಗೆ ಅಲ್ಲಿಯೇ ಇರಲಿ," ಎಂದೆ. ಅಷ್ಟರಲ್ಲಿ ಅಕ್ಕ ಗುಗ್ಗರಿಯ ಪಾತ್ರೆಯೊಡನೆ ಬಾಗಿಲಿಗೆ ಹೋಗಿ, ಬೀದಿಯ ಮಕ್ಕಳಲ್ಲಿ ಮೂವರನ್ನು ಕರೆಯುತ್ತಿದ್ದಳು.