ಜುಟ್ಟಿನ ಜಾಗದಿಂದ ಹಣೆಯ ಮೇಲಕ್ಕೆ

ನಮ್ಮ ತಾತನ ಕಾಲದಲ್ಲಿ ಗುಬ್ಬಿಯಲ್ಲಿ ಬೊಕ್ಕತಲೆ ಯಾರಿಗೂ ಚಿಂತೆಯ ವಿಷಯವಾಗಿರಲಿಲ್ಲ. ಕೂದಲು ಉದುರುತ್ತಿರಲಿಲ್ಲ ಅಂತಲ್ಲ. ಮುಂದಲೆಯನ್ನು ತಾತನೇ ಕತ್ತಿ ಹಿಡಿದು ನುಣ್ಣಗೆ ಬೋಳಿಸುತ್ತಿದ್ದ. ಹಿಂದೆ ಜುಟ್ಟು, ಅದರ ಮೇಲೊಂದು ರುಮಾಲು. ಯಾರದ್ದು ತಾನಾಗಿ ಉದುರಿದ್ದು, ಯಾರದ್ದು ಬೋಳಿಸಿದ್ದು ಅನ್ನುವುದು ತಾತನ ಬೆರಳಿಗೆ ಮಾತ್ರ ಗೊತ್ತು. ಅವನಂತೂ ಯಾರ ತಲೆಯ ಸುದ್ದಿಯನ್ನೂ ಆಚೆ ಬಿಡುತ್ತಿರಲಿಲ್ಲ.

ಕ್ರಾಪು ಬಂತು ನೋಡಿ, ಆಗ ಶುರುವಾಯಿತು ತಲೆನೋವು. ಮೊದಲು ಇಸ್ಕೂಲು, ಕಚೇರಿಗೆ ಹೋಗುವವರು ಬಿಟ್ಟರು, ಆಮೇಲೆ ಎಲ್ಲರೂ. ಅಪ್ಪ ಅಂಗಡಿಗೆ ದೊಡ್ಡ ಕನ್ನಡಿ ತಂದು ನಿಲ್ಲಿಸಿದ ಮೇಲೆ ಗಿರಾಕಿಗಳು ತಮ್ಮ ಹಣೆ ಎಷ್ಟು ಮೇಲೇರಿದೆ ಅಂತ ಅಳೆಯಲು ಕಲಿತರು. ಬೋಳಿಸುವವನನ್ನೇ ಬೆಳೆಸುವ ಎಣ್ಣೆ ಕೇಳತೊಡಗಿದರು.

ಇಲ್ಲದ ಕೂದಲನ್ನು ಕೈಯಾರೆ ಕೊಡುತ್ತಿದ್ದವರು ಅಂದರೆ ನಾಟಕದವರು. ಗುಬ್ಬಿ ಕಂಪನಿ ನಮ್ಮೂರಲ್ಲಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿಗೆಲ್ಲ ಹೆಸರಾಗಿಸಿದ ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಗಂಡಸರೇ ಹೆಣ್ಣುಪಾತ್ರ ಕಟ್ಟುತ್ತಿದ್ದ ದಿನಗಳು. ಕೂದಲು ಬೆಳೆಸಿದವರು ಬೆಳೆಸಿದರು, ಉಳಿದವರಿಗೆ ಟೋಪನ್. ಇವತ್ತಿಗೂ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕವಿದ್ದರೆ, ಬೆಳಗಾದ ಮೇಲೆ ಟೋಪನ್ ತೆಗೆದ ದುರ್ಯೋಧನನೊಬ್ಬ ಯಾವುದಾದರೂ ಕಟಿಂಗ್ ಶಾಪಿನಲ್ಲಿ ಗಡ್ಡಕ್ಕೆ ಕೂತಿರುತ್ತಾನೆ.

ಎಂಥ ಬೊಕ್ಕತಲೆಯಾದರೂ ಕಿವಿಯ ಮೇಲೆ ಮತ್ತು ಹಿಂದಲೆಯಲ್ಲಿ ಕೂದಲು ಉಳಿದೇ ಇರುತ್ತದೆ. ಇದು ಕತ್ತರಿ ಹಿಡಿದ ಪ್ರತಿಯೊಬ್ಬನಿಗೂ ಗೊತ್ತು. ಅದರಿಂದ ಏನು ಮಾಡಬಹುದು ಅಂತ ಯೋಚಿಸಿದವರು ಡಾಕ್ಟರುಗಳು. ಜಪಾನಿನ ಒಕುಡಾ 1939ರಲ್ಲೇ, ಗಾಯದಿಂದ ಕೂದಲು ಹೋದ ಜಾಗಕ್ಕೆ ಬೇರೆಡೆಯ ಚರ್ಮದ ಚೂರುಗಳನ್ನು ನೆಟ್ಟು ಕೂದಲು ಬರಿಸಿದ್ದನ್ನು ಬರೆದಿದ್ದರು. ಯುದ್ಧದ ಗಲಾಟೆಯಲ್ಲಿ ಆ ಬರಹ ಜಪಾನಿನಿಂದಾಚೆ ಯಾರ ಕಣ್ಣಿಗೂ ಬೀಳಲಿಲ್ಲ. ನ್ಯೂಯಾರ್ಕಿನ ಆರೆಂಟ್ರೈಕ್ 1952ರಲ್ಲಿ ಮಾಡಿ, 1959ರಲ್ಲಿ ಪ್ರಕಟಿಸಿದರು: ಹಿಂದಲೆಯ ಕೂದಲನ್ನು ಮುಂದೆ ನೆಟ್ಟರೂ ಅದು ತನ್ನ ಹಿಂದಲೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ, ಉದುರುವುದಿಲ್ಲ. ತಾತ ಕತ್ತಿ ತಾಗಿಸದೆ ಬಿಡುತ್ತಿದ್ದ ಜಾಗದಿಂದ ಕಿತ್ತು, ಅವನು ಬೋಳಿಸುತ್ತಿದ್ದ ಜಾಗಕ್ಕೆ ನೆಡುವುದೇ ಇಡೀ ವಿದ್ಯೆ!

ಆಗ ಸುಮಾರು 4 ಮಿಲಿಮೀಟರಿನ ತುಂಡುಗಳು. ಗೊಂಬೆಯ ತಲೆಯ ಹಾಗೆ ಗುಂಪು ಗುಂಪಾಗಿ ಕಾಣುತ್ತಿತ್ತಂತೆ. ಈಗ 1 ಮಿಲಿಮೀಟರಿಗಿಂತ ಸಣ್ಣ ಟೊಳ್ಳು ಸೂಜಿಯಿಂದ ಒಂದರಿಂದ ನಾಲ್ಕು ಕೂದಲಿರುವ ಬುಡಗಳನ್ನು ಒಂದೊಂದಾಗಿ ಎತ್ತುತ್ತಾರೆ, ಇಲ್ಲವೇ ಹಿಂದಲೆಯಿಂದ ಒಂದು ಪಟ್ಟಿ ಚರ್ಮ ತೆಗೆದು ಬಿಡಿಸುತ್ತಾರೆ. ತಲೆಗಷ್ಟೇ ಮರಗಟ್ಟುವ ಇಂಜೆಕ್ಷನ್. ಬೆಳಿಗ್ಗೆ ಕೂತರೆ ಸಂಜೆಯಾಗುತ್ತದೆ.

ಕುಣಿಗಲ್ ಕಡೆಯ ಹುಡುಗನೊಬ್ಬ ಬೆಂಗಳೂರಲ್ಲಿ ಮಾಡಿಸಿಕೊಂಡು ಬಂದ. ಹಕ್ಕಳೆ ಹತ್ತು ದಿನದಲ್ಲಿ ಉದುರಿತು. ತಿಂಗಳಾಗುವಷ್ಟರಲ್ಲಿ ನೆಟ್ಟ ಕೂದಲೂ ಉದುರಿತು, ದುಡ್ಡು ನೀರಿಗೆ ಹೋಯಿತು ಅಂತ ಗೋಳಾಡಿದ. ಹಾಗೆ ಉದುರುವುದೇ ಅದರ ಕ್ರಮ: ಬುಡ ಒಳಗಿರುತ್ತದೆ, ಮೂರ್ನಾಲ್ಕು ತಿಂಗಳಿಗೆ ಮೊಳೆಯುತ್ತದೆ, ಪೂರ್ತಿ ತುಂಬಲು ವರ್ಷ ಬೇಕು. ಇದನ್ನು ಮೊದಲೇ ಬಿಡಿಸಿ ಹೇಳಿದ್ದರೆ ಅವನು ಅಷ್ಟು ದಿನ ಟೋಪಿ ಹಾಕಿಕೊಂಡು ಓಡಾಡಬೇಕಿರಲಿಲ್ಲ.

ಇಪ್ಪತ್ತು, ಇಪ್ಪತ್ತೆರಡರ ಹುಡುಗರು ಕೇಳಿದರೆ ನಾನು ಕಾಯಿರಿ ಅನ್ನುತ್ತೇನೆ. ನೆಟ್ಟದ್ದು ನಿಲ್ಲುತ್ತದೆ, ಅದರ ಹಿಂದಿನ ಸ್ವಂತ ಕೂದಲು ಉದುರುತ್ತಾ ಹೋಗುತ್ತದೆ, ನಡುವೆ ಬಯಲು. ಹಿಂದಲೆಯ ದಾಸ್ತಾನೂ ಇಷ್ಟೇ ಅಂತ ಲೆಕ್ಕವಿದ್ದದ್ದು, ಕಿತ್ತ ಬುಡ ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಮಾಡುವವರು ಚರ್ಮದ ಡಾಕ್ಟರೋ ಪ್ಲಾಸ್ಟಿಕ್ ಸರ್ಜನ್ನೋ ಅಂತ ವಿಚಾರಿಸಿ. ತರಬೇತಿ ಪಡೆದ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಇನ್ನು ನನ್ನ ಕಸುಬಿಗೆ ಸೇರಿದ್ದು ಒಂದಿದೆ: ಮಾಡಿಸಿಕೊಂಡವರು ಆಮೇಲೆ ಹಿಂದಲೆಗೆ ಜೀರೋ ಮಷಿನ್ ಹಾಕಿಸಬಾರದು. ಕಿತ್ತ ಜಾಗದ ಬಿಳಿ ಚುಕ್ಕೆಗಳು ಲೆಕ್ಕಕ್ಕೆ ಸಿಗುವಷ್ಟು ಕಾಣುತ್ತವೆ.