ಮೀರ್–ಪ್ರೋಗ್ರೆಸ್ ಎಂ-34 ಡಿಕ್ಕಿ: ‘ಮಾನವ ದೋಷ’ವೆಂಬ ತೀರ್ಮಾನದ ಮರುಪರಿಶೀಲನೆ

1978ರ ಜನವರಿಯಲ್ಲಿ ಪ್ರೋಗ್ರೆಸ್-1 ಸಲ್ಯೂತ್-6 ನಿಲ್ದಾಣಕ್ಕೆ ಇಂಧನ ಮತ್ತು ಸರಕು ತಲುಪಿಸಿದಂದಿನಿಂದ, ಮಾನವರಹಿತ ಸರಕು ನೌಕೆಯಿಲ್ಲದೆ ಕಕ್ಷೆಯಲ್ಲಿ ದೀರ್ಘಕಾಲದ ವಾಸ ಸಾಧ್ಯವಿಲ್ಲವೆಂಬುದು ಸರ್ವಸಮ್ಮತ. ಈ ಪರಂಪರೆಯಲ್ಲಿ ಅತ್ಯಂತ ಗಂಭೀರ ಅವಘಡ ನಡೆದದ್ದು 1997ರ ಜೂನ್ 25ರಂದು. ಹಿಂದಿನ ದಿನ ಮೀರ್ ನಿಲ್ದಾಣದಿಂದ ಬೇರ್ಪಟ್ಟಿದ್ದ, ಸುಮಾರು 7 ಟನ್ ತೂಕದ ಪ್ರೋಗ್ರೆಸ್ ಎಂ-34 ಅನ್ನು ‘ತೋರು’ ದೂರನಿಯಂತ್ರಣ ವ್ಯವಸ್ಥೆಯಿಂದ ಮತ್ತೆ ಜೋಡಿಸುವ ಪರೀಕ್ಷೆ ನಡೆದಿತ್ತು. ನೌಕೆ ಮೀರ್‌ನ ಸ್ಪೆಕ್ಟರ್ ಘಟಕದ ಸೌರಫಲಕಕ್ಕೆ ಬಡಿದು, ಘಟಕದ ಗೋಡೆಗೆ ತೂತು ಮಾಡಿತು. ನಿಲ್ದಾಣದಲ್ಲಿದ್ದ ಗಗನಯಾತ್ರಿ ಮೈಕೆಲ್ ಫೋಲ್‌ಗೆ ಕಿವಿ ಕಟ್ಟಿಕೊಂಡಂತಾಯಿತು. ಗಾಳಿ ಸೋರುತ್ತಿದೆ ಎಂಬುದಕ್ಕೆ ಅದೇ ಸೂಚನೆ. ಸಹಯಾತ್ರಿ ಅಲೆಕ್ಸಾಂದರ್ ಲಜುತ್ಕಿನ್ ಬಾಗಿಲಿಗೆ ಅಡ್ಡವಾಗಿ ಹಾದುಹೋಗಿದ್ದ ಕೇಬಲ್‌ಗಳನ್ನು ಬಿಡಿಸಿ, ಕತ್ತರಿಸಿ, ಸ್ಪೆಕ್ಟರ್ ಅನ್ನು ಮುಚ್ಚಿಹಾಕುವಲ್ಲಿ ನೆರವಾದರು. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಹೊಣೆಯ ಬಗ್ಗೆ. ರಷ್ಯಾದ ಆಡಳಿತವಲಯ ಬೊಟ್ಟು ಮಾಡಿದ್ದು ‘ಮಾನವ ದೋಷ’ದತ್ತ, ಅಂದರೆ ಕಮಾಂಡರ್ ವಸೀಲಿ ತ್ಸಿಬ್ಲಿಯೆವ್ ಅವರತ್ತ. ಭೂಮಿಗೆ ಮರಳಿದ ಮೇಲೆ ಅವರು ಈ ಆರೋಪವನ್ನು ಸಾರ್ವಜನಿಕವಾಗಿಯೇ ತಳ್ಳಿಹಾಕಿದರು. ಬ್ರಯನ್ ಬರೋ ತಮ್ಮ ‘ಡ್ರ್ಯಾಗನ್‌ಫ್ಲೈ’ (1998) ಕೃತಿಯಲ್ಲಿ ಹಣದ ಮುಗ್ಗಟ್ಟಿಗೆ ಒತ್ತು ಕೊಡುತ್ತಾರೆ: ಸ್ವಯಂಚಾಲಿತ ಜೋಡಣೆಯ ‘ಕುರ್ಸ್’ ರೇಡಾರ್ ಉಕ್ರೇನಿನಲ್ಲಿ ತಯಾರಾಗುತ್ತಿತ್ತು, ಅದರ ಬೆಲೆ ಏರಿದ್ದರಿಂದ ಅದಿಲ್ಲದೆ ಕೆಲಸ ಸಾಗಿಸುವ ದಾರಿ ಬೇಕಾಗಿತ್ತು. ಸ್ಟೀಫನ್ ಎಲ್ಲಿಸ್ 2000ದಲ್ಲಿ ಪ್ರಕಟಿಸಿದ ಲೇಖನವು ಗ್ರಹಿಕೆಯ ತೊಡಕು, ತರಬೇತಿಯ ಅಂತರ, ದಣಿವು ಮೊದಲಾದ ಹಲವು ಕಾರಣಗಳನ್ನು ಗುರುತಿಸುತ್ತದೆ. ಎಲ್ಲಿಸ್ ಅವರ ದಾರಿ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಈ ಕಾರಣಗಳೆಲ್ಲ ಒಂದೇ ತೂಕದವಲ್ಲ. ನೌಕೆಯ ವೇಗ ಮತ್ತು ದೂರವನ್ನು ನಿರಂತರವಾಗಿ ಅಳೆಯುವ ಕುರ್ಸ್ ಸಾಧನವನ್ನೇ ಸ್ಥಗಿತಗೊಳಿಸಿದ್ದು ಉಳಿದೆಲ್ಲಕ್ಕಿಂತ ನಿರ್ಣಾಯಕವಾಗಿತ್ತು ಎಂಬುದು ಈ ಲೇಖನದ ವಾದ.

1997ರ ಮಾರ್ಚ್ 4ರಂದು ಪ್ರೋಗ್ರೆಸ್ ಎಂ-33 ಜೊತೆ ಇದೇ ಪರೀಕ್ಷೆ ನಡೆದಾಗ ಕ್ಯಾಮೆರಾದ ಚಿತ್ರ ಸರಿಯಾಗಿ ಬರದೆ ನೌಕೆ ಮೀರ್‌ನ ಪಕ್ಕದಲ್ಲೇ ಹಾದುಹೋಗಿತ್ತು. ಕುರ್ಸ್‌ನ ರೇಡಿಯೊ ಅಲೆಗಳೇ ಚಿತ್ರ ಕೆಡಿಸಿದವೆಂಬ ಶಂಕೆಯಿಂದ ಜೂನ್‌ನಲ್ಲಿ ಅದನ್ನು ಆರಿಸಿಡಲಾಯಿತು. ಹೀಗಾಗಿ ತ್ಸಿಬ್ಲಿಯೆವ್ ಮುಂದೆ ಉಳಿದದ್ದು ನೌಕೆಯ ಕ್ಯಾಮೆರಾ ಕಳಿಸುವ ಚಿತ್ರ. ಜೊತೆಗೆ, ಸಹಯಾತ್ರಿಗಳು ಕಿಟಕಿಯಿಂದ ನೌಕೆಯನ್ನು ಕಂಡರೆ ಕೈಯಲ್ಲಿ ಹಿಡಿದ ಲೇಸರ್ ಮಾಪಕದಿಂದ ಅಳೆದು ಹೇಳಬಹುದಾದ ದೂರ. ನೌಕೆ ಮೇಲಿನಿಂದ ಇಳಿದು ಬರುತ್ತಿದ್ದುದರಿಂದ ಪರದೆಯಲ್ಲಿ ಮೀರ್‌ನ ಹಿನ್ನೆಲೆಗೆ ಭೂಮಿಯ ಮೋಡಗಳಿದ್ದವು.

ಚಿತ್ರವೊಂದರಿಂದಲೇ ವೇಗ ತಿಳಿಯಲು ಸಾಧ್ಯವಿತ್ತೇ? ಸ್ಥೂಲವಾಗಿ ಲೆಕ್ಕ ಹಾಕೋಣ. ಮೀರ್‌ನ ಅಗಲ 30 ಮೀಟರ್, ನೌಕೆಯ ವೇಗ ಸೆಕೆಂಡಿಗೆ 3 ಮೀಟರ್ ಎಂದಿಟ್ಟುಕೊಂಡರೆ, 1 ಕಿಲೋಮೀಟರ್ ದೂರದಲ್ಲಿ ಬಿಂಬದ ಕೋನ ಸೆಕೆಂಡಿಗೆ ಬೆಳೆಯುವುದು 0.005 ಡಿಗ್ರಿ ಮಾತ್ರ. 200 ಮೀಟರ್‌ಗೆ ಬಂದಾಗ ಅದು 0.13 ಡಿಗ್ರಿ, ಅಂದರೆ ಸುಮಾರು 25 ಪಟ್ಟು. ಬಿಂಬ ಬೆಳೆಯುವ ದರ ದೂರದ ವರ್ಗಕ್ಕೆ ವಿಲೋಮವಾಗಿರುವುದೇ ಇದಕ್ಕೆ ಕಾರಣ. 1 ಕಿಲೋಮೀಟರ್‌ನಿಂದ 200 ಮೀಟರ್‌ವರೆಗಿನ ಸುಮಾರು ನಾಲ್ಕೂವರೆ ನಿಮಿಷದ ಬಹುಭಾಗ ಪರದೆ ಹೆಚ್ಚೇನನ್ನೂ ಹೇಳುವುದಿಲ್ಲ. ಅದು ಸ್ಪಷ್ಟವಾಗಿ ಹೇಳತೊಡಗಿದಾಗ ಉಳಿಯುವುದು ಒಂದು ನಿಮಿಷಕ್ಕಿಂತ ತುಸು ಹೆಚ್ಚು. ತಡವಾಗಿ ಬ್ರೇಕ್ ಹಾಕಿದ್ದನ್ನು ಚಾಲಕನ ತಪ್ಪೆನ್ನುವುದಾದರೆ, ಯಾವಾಗ ಹಾಕಬೇಕೆಂದು ತಿಳಿಯುವ ಉಪಾಯ ಅವನಿಗಿತ್ತೆಂದು ಮೊದಲು ತೋರಿಸಬೇಕು. ಆರೋಪ ಹೊರಿಸಿದವರು ಅದನ್ನು ತೋರಿಸಿದಂತೆ ನನಗೆ ಕಾಣುವುದಿಲ್ಲ.

ಈ ಲೆಕ್ಕಕ್ಕೆ ಮಿತಿಗಳಿವೆ. ನೌಕೆಯ ವೇಗ ಉದ್ದಕ್ಕೂ ಒಂದೇ ಆಗಿರಲಿಲ್ಲ; ಪರದೆಯ ಮೇಲಿನ ಗೀರುಗಳ ಸಹಾಯದಿಂದ ಬಿಂಬದ ಅಳತೆಯನ್ನು ಅಂದಾಜು ಮಾಡಬಹುದಿತ್ತು; ನುರಿತ ಕಣ್ಣು ಸಾಮಾನ್ಯ ಕಣ್ಣಿಗಿಂತ ಹೆಚ್ಚು ಕಾಣುತ್ತದೆ. ಇವೆಲ್ಲವನ್ನೂ ಒಪ್ಪಿದರೂ ಅನಿಶ್ಚಿತತೆ ಕುಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

‘ತೋರು’ವೇ ಅಪಾಯಕಾರಿ ಸಾಧನವೆಂದೂ ಹೇಳಲಾಗದು. 1994ರ ಸೆಪ್ಟೆಂಬರ್ 2ರಂದು, ಸ್ವಯಂಚಾಲಿತ ಪ್ರಯತ್ನಗಳು ಸೋತ ಪ್ರೋಗ್ರೆಸ್ ಎಂ-24 ಅನ್ನು ಯೂರಿ ಮಲೆಂಚೆಂಕೊ ಅದರಿಂದಲೇ ಜೋಡಿಸಿದ್ದರು. ಇನ್ನೂ ಮಹತ್ವದ್ದು 1997ರ ಆಗಸ್ಟ್ 18ರ ಘಟನೆ. ಕುರ್ಸ್ ನೆರವಿನಿಂದ ಮೀರ್‌ಗೆ ಹತ್ತಿರವಾಗಿದ್ದ ಪ್ರೋಗ್ರೆಸ್ ಎಂ-35ರ ಜೋಡಣೆಯ ಹೊತ್ತಿಗೆ ನಿಲ್ದಾಣದ ಕಂಪ್ಯೂಟರ್ ಕೈಕೊಟ್ಟಿತು. ಅನತೊಲಿ ಸೊಲೊವ್ಯೊವ್ ‘ತೋರು’ ಹಿಡಿದು ಕೆಲಸ ಮುಗಿಸಿದರು. ಅದೇ ನಿಲ್ದಾಣ, ಅದೇ ಬಗೆಯ ನೌಕೆ, ಅದೇ ನಿಯಂತ್ರಣ. ನಡುವಿನ ಅಂತರ ಎರಡು ತಿಂಗಳೂ ಇಲ್ಲ. ವ್ಯತ್ಯಾಸವೆಂದರೆ, ದೂರದ ಹಾದಿಯನ್ನು ರೇಡಾರ್ ಕ್ರಮಿಸಿತ್ತು, ಮನುಷ್ಯನಿಗೆ ಉಳಿದದ್ದು ಕಣ್ಣಳತೆ ಸಾಕಾಗುವ ಕೊನೆಯ ಭಾಗ. ಆದರೆ ಸೊಲೊವ್ಯೊವ್‌ಗೆ ಅದು ಐದನೆಯ ಯಾನ, ತ್ಸಿಬ್ಲಿಯೆವ್‌ಗೆ ಎರಡನೆಯದು. ಅನುಭವದ ಪಾಲನ್ನು ಈ ಒಂದು ಹೋಲಿಕೆಯಿಂದ ಬೇರ್ಪಡಿಸಲಾಗದು. ಆ ಮಟ್ಟಿಗೆ ನನ್ನ ವಾದವನ್ನು ಸಂಭವನೀಯವೆಂದಷ್ಟೇ ಎಣಿಸಬೇಕು.

ತರಬೇತಿಯಾಗಿ ತಿಂಗಳುಗಳೇ ಕಳೆದದ್ದಕ್ಕೆ, ದಣಿವಿಗೆ ಎಷ್ಟೆಷ್ಟು ಪಾಲು ಸಲ್ಲಬೇಕೆಂಬ ಪ್ರಶ್ನೆ ತೆರೆದೇ ಇದೆ. ಕುರ್ಸ್ ಬಿಡಬೇಕೆಂಬ ಆರ್ಥಿಕ ಒತ್ತಡ ಆ ದಿನದ ಯೋಜನೆಯನ್ನು ಎಷ್ಟು ರೂಪಿಸಿತೆಂಬುದೂ ಇತ್ಯರ್ಥವಾಗಬೇಕಾಗಿದೆ. ಇವು ತೀರ್ಮಾನವಾಗುವ ತನಕ ಈ ಡಿಕ್ಕಿಯನ್ನು ಚಾಲಕನ ತಪ್ಪೆಂದು ಪಠ್ಯಗಳಲ್ಲಿ ನಮೂದಿಸುವುದು ನ್ಯಾಯವಲ್ಲ.