ಸಾರಿಸೋದರಿಂದ ಒರೆಸೋದರವರೆಗೆ...

ಅಜ್ಜಿ ಮಣ್ಣಿನ ನೆಲವನ್ನು ಸಗಣಿ ಹಾಕಿ ಸಾರಿಸುತ್ತಿದ್ದರು. ರೆಡ್ ಆಕ್ಸೈಡ್ ನೆಲ ಬಂದಮೇಲೆ ಅಮ್ಮ ಅಪ್ಪನ ಹಳೇ ಲುಂಗಿ ಹರಿದು ಒರೆಸತೊಡಗಿದರು. ಬಗ್ಗಿ ಸೊಂಟ ನೋಯೋದು ಮಾತ್ರ ತಪ್ಪಲಿಲ್ಲ!

ಅಮೆರಿಕದಲ್ಲಿ ಜೇಕಬ್ ಹೋ 1837ರಲ್ಲೇ ಮಾಪ್ ಹಿಡಿಕೆಗೆ ಪೇಟೆಂಟ್ ಪಡೆದಿದ್ದರು. 1893ರಲ್ಲಿ ಆಫ್ರಿಕನ್ ಅಮೆರಿಕನ್ ಸಂಶೋಧಕ ಥಾಮಸ್ ಸ್ಟುವರ್ಟ್, ಬಗ್ಗದೇ ಹಿಂಡಬಹುದಾದ ಮಾಪಿಗೆ ಪೇಟೆಂಟ್ ಪಡೆದರು. 1999ರಲ್ಲಿ ಸ್ವಿಫರ್ ಬಂತು, ಒರೆಸಿ ಬಿಸಾಡಿ ಅಂತು.

ನಾನು ಮತ್ತೆ ಲುಂಗಿಗೇ ಬಂದೆ. ನಾಲ್ಕು ಮಡಿಕೆ ಮಾಡಿ ಹೊಲಿದು, ಅಂಚಿಗೆ ಎಲಾಸ್ಟಿಕ್ ಇಟ್ಟು ಮಾಪಿಗೆ ತೊಡಿಸಿದೆ. ಬಕೆಟ್ ನೀರಿಗೆ ಒಂದಿಷ್ಟು ಅಂಟುವಾಳ ಕುದಿಸಿದ ನೀರು, ಅಷ್ಟೇ. ನೈಸರ್ಗಿಕ ಅಂತ ನಿಂಬೆರಸ, ವಿನಿಗರ್ ಸುರಿದೀರಾ, ಜೋಕೆ! ಆ ಹುಳಿ ಸಿಮೆಂಟನ್ನೂ ಕಡಪ ಕಲ್ಲನ್ನೂ ತಿನ್ನುತ್ತೆ. ದುಡ್ಡು ಉಳಿಸಲು ಹೋಗಿ ನೆಲ ಕಳಕೊಳ್ಳಬಾರದಲ್ವೇ?

ನಿಮ್ಮನೇಲಿ ಒರೆಸೋಕೆ ಯಾರ ಹಳೇ ಬಟ್ಟೆ? :)